ಅಲ್ಪ ವೆಚ್ಚದ ಬೈಸಿಕಲ್ಲು: ಅದನ್ನು ಕಟ್ಟುವ ಕ್ರಮವೂ ಕಾಪಾಡುವ ಕ್ರಮವೂ

ಹೆಣ್ಣುಮಕ್ಕಳು ಹೈಸ್ಕೂಲಿನ ವ್ಯಾಸಂಗವನ್ನು ನಡುವೆಯೇ ಬಿಟ್ಟುಬಿಡುವುದಕ್ಕೆ ಕಾರಣವೇನೆಂದು ವಿಚಾರಿಸಿದರೆ ಬಡತನ, ಮನೆಗೆಲಸ, ಎಳೆಯ ವಯಸ್ಸಿನ ಮದುವೆ ಮೊದಲಾದ ದೊಡ್ಡ ಕಾರಣಗಳೇ ಮುಂದೆ ಬರುವುವು. ಅವೆಲ್ಲವೂ ನಿಜವೇ ಸರಿ. ಆದರೆ ಅವುಗಳ ಬೆನ್ನಿಗೆ, ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ಮತ್ತೊಂದು ಕಾರಣವೂ ನಿಂತಿರುವುದು. ಅದು ಮನೆಗೂ ಶಾಲೆಗೂ ನಡುವಣ ದಾರಿಯ ದೂರ. ಬಿಹಾರದ ಸರ್ಕಾರವು 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಬೈಸಿಕಲ್ ಕೊಳ್ಳಲು ಹಣ ಕೊಡುವ ಏರ್ಪಾಡನ್ನು ಮಾಡಿತು. ಅದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ನೂರಕ್ಕೆ 32ರಷ್ಟು ಹೆಚ್ಚಿತೆಂದೂ, ಶಾಲೆಯು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಹೆಚ್ಚಳವು ಮುಖ್ಯವಾಗಿ ಕಂಡುಬಂದಿತೆಂದೂ ಅವರು ತೋರಿಸಿಕೊಟ್ಟಿದ್ದಾರೆ. ಎರಡು ಚಕ್ರ, ಒಂದು ಚೈನು. ಇಷ್ಟರಿಂದ ಇಷ್ಟು ಆಯಿತೆಂದರೆ ಆ ವಸ್ತುವನ್ನು ಕುರಿತು ನಾಲ್ಕು ಮಾತು ತಿಳಿದುಕೊಳ್ಳುವುದು ಅಯೋಗ್ಯವಲ್ಲವೆಂದು ಎಣಿಸಿ, ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ಆದರೆ ಬೈಸಿಕಲ್ಲು ಮನೆಗೆ ಬರುವುದೇ ಬೇರೆ, ಅದು ದಿನದಿನವೂ ಓಡುತ್ತಿರುವುದೇ ಬೇರೆ. ನಮ್ಮ ಕರ್ನಾಟಕ ಸರ್ಕಾರವೂ 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಹಂಚುವ ಯೋಜನೆಯನ್ನು ಆರಂಭಿಸಿತ್ತು. ಹಾಗೆ ಬಂದ ಗಾಡಿಗಳೂ, ತಂದೆ ಅಣ್ಣಂದಿರು ತುಳಿದು ಬಿಟ್ಟ ಗಾಡಿಗಳೂ ಎಷ್ಟೋ ಮನೆಗಳ ಹಿತ್ತಿಲಲ್ಲಿ ಸೌದೆಯ ರಾಶಿಗೆ ಒರಗಿಕೊಂಡು ನಿಂತಿವೆ. ಒಮ್ಮೆ ಟ್ಯೂಬು ತೂತಾಯಿತು, ತಿದ್ದಿಸುವವರಿಲ್ಲ. ಒಮ್ಮೆ ಚೈನು ಕಳಚಿತು, ಹಾಕುವವರಿಲ್ಲ. ಹುಡುಗಿ ಎರಡು ದಿನ ನಡೆದಳು, ಮೂರನೆಯ ದಿನ ತಡವಾಯಿತು, ನಾಲ್ಕನೆಯ ದಿನ ಮನೆಯಲ್ಲಿಯೇ ಉಳಿದಳು. ಹೀಗೆ ಅಂಗೈಯಗಲದ ರಬ್ಬರು ತುಂಡಿನ ಅಭಾವದಿಂದ ಒಂದು ವರ್ಷದ ವಿದ್ಯೆ ಹಾಳಾಗುವುದನ್ನು ಕಂಡಾಗ ಮನಸ್ಸಿಗೆ ವ್ಯಥೆಯಾಗುವುದು. ಅಂಗಡಿಯಲ್ಲಿ ಹೊಳೆಯುವ ಹೊಸ ಗಾಡಿಯನ್ನು ಕೊಡಿಸುವುದಕ್ಕಿಂತ, ಹಳೆಯ ಒಳ್ಳೆಯ ಚೌಕಟ್ಟೊಂದನ್ನು ಆರಿಸಿ, ಅದಕ್ಕೆ ಗಟ್ಟಿಯಾದ ಭಾಗಗಳನ್ನು ಜೋಡಿಸಿ, ಅದರ ಪಾಲನೆಯನ್ನು ಹುಡುಗಿಯ ಕೈಗೇ ಒಪ್ಪಿಸುವುದು ಹೆಚ್ಚು ಬಾಳಿಕೆಯ ಮಾರ್ಗವೆಂಬುದೇ ನಮ್ಮ ಅಭಿಪ್ರಾಯ.

ಹಳೆಯ ಚೌಕಟ್ಟಿಗೆ ಹೊಸ ಭಾಗಗಳು ಕೂಡುವುವೆ ಎಂದು ಕೆಲವರು ಶಂಕಿಸುವುದುಂಟು. ಕೂಡುವುವು; ಅದಕ್ಕೆ ಚರಿತ್ರೆಯೇ ಕಾರಣ. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ದೇಶದಲ್ಲಿ ಓಡಾಡುತ್ತಿದ್ದ ಬೈಸಿಕಲ್ಲುಗಳಲ್ಲಿ ಬಹುಪಾಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ನಾಟಿಂಗ್‌ಹ್ಯಾಮಿನ ರ್‍ಯಾಲೆ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಹರ್ಕ್ಯುಲಿಸ್ ಎಂಬ ಹೆಸರುಗಳು ಅಜ್ಜಂದಿರ ಬಾಯಲ್ಲಿ ಕೇಳಿಬರುತ್ತಿದ್ದುವು. ಬಳಿಕ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತದ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ ಎಂಬ ಕಂಪನಿಗಳು ನಮ್ಮಲ್ಲಿಯೇ ಸ್ಥಾಪಿತವಾದುವು. ಇವರೆಲ್ಲರೂ ಆ ಇಂಗ್ಲಿಷ್ ಮಾದರಿಯ ಕರಿಯ ಗಾಡಿಯನ್ನೇ ಅನುಸರಿಸಿದ ಕಾರಣ ಟಯರಿನ ಅಳತೆ, ಚೈನಿನ ಕೊಂಡಿ, ತಿರುಪಿನ ಸುತ್ತು ಮುಂತಾದುವು ಬಹುಮಟ್ಟಿಗೆ ಒಂದೇ ಆಗಿ ಉಳಿದುವು. ಆದಕಾರಣ ಒಬ್ಬರ ಚೌಕಟ್ಟಿಗೆ ಇನ್ನೊಬ್ಬರ ಚಕ್ರ ಸೇರುವುದು. ಸಣ್ಣ ಪೇಟೆಯ ಅಂಗಡಿಯಲ್ಲಿಯೂ ಭಾಗಗಳು ದೊರೆಯುವುವು. ಇದಕ್ಕೆ ಒಂದು ಅಪವಾದ ಮಾತ್ರ ಉಂಟು. ಅಟ್ಟದಲ್ಲಿ ಅಜ್ಜನ ಕಾಲದ ನಾಟಿಂಗ್‌ಹ್ಯಾಮಿನ ರ್‍ಯಾಲೆ ಇದ್ದರೆ, ಅದರಲ್ಲಿ ಪೆಡಲಿನ ಅಚ್ಚು ಕೂರುವ ಕೊಳವೆಯ ತಿರುಪು ಅಂಗುಲಕ್ಕೆ 26 ಸುತ್ತಿನದಾಗಿರಬಹುದು. ಸಾಧಾರಣ ಭಾಗಗಳದು 24 ಸುತ್ತು. ಬಲವಂತದಿಂದ ತಿರುಗಿಸಿದರೆ ಎರಡೂ ಕೆಡುವುವು. ಅಂತಹ ಗಾಡಿಯಲ್ಲಿ ಅದರ ಮೂಲದ ಕಪ್ಪುಗಳನ್ನೇ ಜೋಪಾನಮಾಡತಕ್ಕದ್ದು.

ಈಗಿನ ಮಕ್ಕಳು ಕೇಳುವುದು ಸ್ಪ್ರಿಂಗು ಕಟ್ಟಿದ ಫೋರ್ಕು, ಹದಿನೆಂಟೋ ಇಪ್ಪತ್ತೊಂದೋ ಗೇರು ಇರುವ ದಪ್ಪ ಟಯರಿನ ಗಾಡಿಗಳನ್ನು. ಬೆಲೆ ಹೆಚ್ಚಿರುವ ಅಂತಹ ಗಾಡಿಗಳು ಚೆನ್ನಾಗಿಯೇ ಇರುವುವು. ಅಗ್ಗದವುಗಳ ವಿಷಯ ಹಾಗಲ್ಲ. ಅಗ್ಗದ ಸ್ಪ್ರಿಂಗು ತೂಕವನ್ನು ಹೆಚ್ಚಿಸುವುದೇ ಹೊರತು ಕುಲುಕಾಟವನ್ನು ಅಷ್ಟಾಗಿ ತಡೆಯದು. ಅಗ್ಗದ ಗೇರು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕುಹಿಡಿದು ಒಂದೇ ಹಲ್ಲಿನ ಮೇಲೆ ನಿಂತುಬಿಡುವುದು. ಕೊಟ್ಟ ಹಣವೆಲ್ಲ ನೋಟಕ್ಕೆ ಹೋಯಿತು, ಓಟಕ್ಕೆ ಬರಲಿಲ್ಲ.

ಇನ್ನು ಚೌಕಟ್ಟನ್ನು ಆರಿಸುವ ವಿಷಯ. ಗುಜರಿಯವನ ಬಳಿಯಲ್ಲಿ ಹಳೆಯ ಉಕ್ಕಿನ ಚೌಕಟ್ಟು ಹೆಚ್ಚುಕಡಿಮೆ ತೂಕದ ಬೆಲೆಗೇ ಸಿಕ್ಕುವುದುಂಟು. ಬಣ್ಣ ಹೋಗಿರುವುದನ್ನೂ ಮೇಲ್ಮೈಯ ತುಕ್ಕನ್ನೂ ಕಂಡು ಹೆದರಬೇಕಾದುದಿಲ್ಲ. ಮರಳುಕಾಗದದಿಂದ ಉಜ್ಜಿ ಎರಡು ಸಾರಿ ಬಣ್ಣ ಬಳಿದರೆ ಅದು ಮುಗಿಯಿತು. ನೋಡಬೇಕಾದುದು ಬೇರೆಯೇ ಇದೆ. ಹ್ಯಾಂಡಲ್ಲು ಕೂರುವ ಕೊಳವೆಯ ಹಿಂದೆ, ಮೇಲಿನ ಮತ್ತು ಕೆಳಗಿನ ಕೊಳವೆಗಳ ಅಡಿಭಾಗದಲ್ಲಿ ಬೆರಳಾಡಿಸಿ. ಅಲ್ಲಿ ಸುಕ್ಕು ಬಿದ್ದಂತೆ ತಗಲಿದರೆ ಗಾಡಿ ಹಿಂದೊಮ್ಮೆ ಎದುರಿನ ವಸ್ತುವಿಗೆ ಬಡಿದಿದೆಯೆಂದು ತಿಳಿಯತಕ್ಕದ್ದು. ಬೆಸುಗೆಯ ಕೂಡುಗಳಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಸರಿ, ಅದನ್ನು ಬಿಟ್ಟುಬಿಡಿ. ಪೆಡಲಿನ ಅಚ್ಚಿನ ಕೊಳವೆಯಲ್ಲಿ ನೀರು ಸೇರಿ ಒಳಗಿನಿಂದ ತಿಂದುಹಾಕುವುದುಂಟು. ಅಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ನಾದ ಬರಬೇಕು. ಸೀಟಿನ ಕೊಳವೆ ಹಂದುತ್ತಿರಬೇಕು. ಅದು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಬೆಳೆಯುವ ಹುಡುಗಿಗೆ ಆ ಚೌಕಟ್ಟು ಪ್ರಯೋಜನವಿಲ್ಲ.

ಚೌಕಟ್ಟು ನೆಟ್ಟಗಿದೆಯೆ ಎಂಬುದನ್ನು ತಿಳಿಯಲು ಒಂದು ದಾರವೇ ಸಾಕು. ಹಿಂದಿನ ಚಕ್ರ ಕೂರುವ ಬಲಗಡೆಯ ಕಚ್ಚಿಗೆ ದಾರದ ತುದಿಯನ್ನು ಕಟ್ಟಿ, ಅದನ್ನು ಮುಂದಕ್ಕೆ ತಂದು ಹ್ಯಾಂಡಲ್ ಕೊಳವೆಯನ್ನು ಬಳಸಿ, ಎಡಗಡೆಯ ಕಚ್ಚಿಗೆ ಒಯ್ದು ಬಿಗಿಯಾಗಿ ಎಳೆದು ಕಟ್ಟಬೇಕು. ಈಗ ಸೀಟಿನ ಕೊಳವೆಗೂ ದಾರಕ್ಕೂ ನಡುವಣ ಅಂತರವನ್ನು ಎರಡು ಕಡೆಯೂ ಅಳೆಯಿರಿ. ಅಂತರ ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ. ಒಂದೆರಡು ಕೂದಲೆಳೆಯ ವ್ಯತ್ಯಾಸವನ್ನು ಲೆಕ್ಕಿಸಬೇಕಾಗಿಲ್ಲ. ಕಾಲಂಗುಲದ ವ್ಯತ್ಯಾಸವಿದ್ದರೆ ಬೇರೆಯದನ್ನು ಹುಡುಕಿ. ಉಕ್ಕನ್ನು ಬಗ್ಗಿಸಿ ಸರಿಮಾಡುವ ಕಸುಬುಗಾರರುಂಟು. ಆದರೆ ಅಗ್ಗದ ವಸ್ತುವಿಗೆ ಆ ಖರ್ಚು ಹೊಂದದು. ಅಲ್ಯೂಮಿನಿಯಂ ಚೌಕಟ್ಟು ಬಗ್ಗಿದರಂತೂ ಅದನ್ನು ತಿದ್ದುವ ಯೋಚನೆಯನ್ನೇ ಬಿಡತಕ್ಕದ್ದು. ಕೊನೆಯದಾಗಿ, ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ನೋಡಿ. ಅದನ್ನು ಅರದಿಂದ ಉಜ್ಜಿ ಅಳಿಸಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಮುಟ್ಟಕೂಡದು. ಒಬ್ಬರ ಮಗುವಿನಿಂದ ಕದ್ದ ಗಾಡಿಯ ಮೇಲೆ ಇನ್ನೊಬ್ಬರ ಮಗು ಶಾಲೆಗೆ ಬರುವುದು ಯಾರಿಗೂ ಶೋಭೆಯಲ್ಲ.

ಹುಡುಗಿಯರಿಗೆ ನಡುವೆ ಅಡ್ಡಕೊಳವೆಯಿಲ್ಲದ ಲೇಡೀಸ್ ಚೌಕಟ್ಟೇ ಆಗಬೇಕೆಂಬ ನಂಬಿಕೆ ಬಲವಾಗಿದೆ. ಲಂಗ ಸೀರೆಗಳಿಗೆ ಅದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸಿಕ್ಕಲಿಲ್ಲವೆಂದು ಕಾಯುತ್ತ ಕೂರಬೇಕಾದುದಿಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ, ಶೀಲಾ ರಾಣಿ ಚುಂಕತ್ ಅವರು ಕಲೆಕ್ಟರಾಗಿದ್ದಾಗ, ಅಕ್ಷರಾಭ್ಯಾಸದ ಚಳವಳಿಯೊಡನೆಯೇ ಹಳ್ಳಿಯ ಸ್ತ್ರೀಯರು ಸಾವಿರಗಟ್ಟಲೆಯಾಗಿ ಬೈಸಿಕಲ್ ಸವಾರಿ ಕಲಿತರು. ಲೇಡೀಸ್ ಗಾಡಿಗಳು ಸಾಲದೆ ಹೋದುದರಿಂದ ಅವರು ಗಂಡಸರ ಗಾಡಿಗಳನ್ನೇ ಹಿಡಿದರು. ಕೆಲವರಂತೂ ಅದನ್ನೇ ಮೆಚ್ಚಿಕೊಂಡರು. ಏಕೆಂದರೆ ಆ ಅಡ್ಡಕೊಳವೆಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಾಗಿತ್ತು! ಮುಖ್ಯವಾಗಿ ನೋಡತಕ್ಕದ್ದು ಎತ್ತರ. ಗಾಡಿಯ ಮೇಲೆ ಕಾಲು ಹಾಕಿ ನಿಂತಾಗ ಎರಡು ಪಾದಗಳೂ ನೆಲಕ್ಕೆ ತಗಲಿ, ಕೊಳವೆಯು ಮೈಗೆ ತಾಗದಂತಿದ್ದರೆ ಚೌಕಟ್ಟು ತಕ್ಕ ಅಳತೆಯದು. “ಇನ್ನೂ ಬೆಳೆಯುವ ಮಗು” ಎಂದು ದೊಡ್ಡದನ್ನು ಕೊಡಿಸುವುದು ಅಂಗಿಯ ವಿಷಯದಲ್ಲಿ ಸರಿಯಾಗಬಹುದು. ಗಾಡಿಯ ವಿಷಯದಲ್ಲಿ ಅಪಾಯ.

ಚೌಕಟ್ಟಿನಲ್ಲಿ ಉಳಿಸಿದ ಹಣವನ್ನು ಚಕ್ರಗಳಿಗೆ ಸುರಿಯಿರಿ. ಕರಿಯ ಗಾಡಿಯ ಚಕ್ರಗಳನ್ನು ಎಣಿಸಿ ನೋಡಿದವರಿಗೆ ಒಂದು ಸೋಜಿಗ ಕಾಣುವುದು: ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಸವಾರಳ ಭಾರದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಹಿಂದಿನ ಚಕ್ರದ ಮೇಲೆ ಬೀಳುವುದು, ಕ್ಯಾರಿಯರಿನ ಮೇಲಣ ಪುಸ್ತಕದ ಚೀಲವೂ ತಂಗಿಯೂ ಅದರ ಮೇಲೆಯೇ. ಆ ಕಾರಣ ಈ ಏರ್ಪಾಡು. ಹಳೆಯ ರಿಮ್ಮಿನ ಒಳಮೈ ತುಕ್ಕಿನಿಂದ ಪದರ ಪದರವಾಗಿ ಏಳುತ್ತಿದ್ದರೆ ಹೊಸ ರಿಮ್ಮನ್ನೇ ಹಾಕಿಸಬೇಕು. ಕಡ್ಡಿ ಹೆಣೆಯುವುದು ನುರಿತ ಕೈಯ ಕೆಲಸ. ಅದನ್ನು ಅಂಗಡಿಯಲ್ಲಿ ಮಾಡಿಸಿ, ಆದರೆ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿಸಿ. ಮುಂದೆ ಚಕ್ರ ಸ್ವಲ್ಪ ಓಲಾಡಿದಾಗ ಬೆಂಡು ತೆಗೆಯುವುದನ್ನು ಅವಳೇ ಕಲಿಯಬಹುದು. ರಿಮ್ಮು ಎಡಕ್ಕೆ ಸರಿದಿದ್ದರೆ ಆ ಜಾಗದಲ್ಲಿ ಬಲಗಡೆಯ ಕಡ್ಡಿಗಳನ್ನು ಅರ್ಧ ಸುತ್ತು ಬಿಗಿದು ಎಡಗಡೆಯವನ್ನು ಅರ್ಧ ಸುತ್ತು ಸಡಿಲಿಸುವುದು. ಒಂದೇ ಸಲಕ್ಕೆ ಅದಕ್ಕಿಂತ ಹೆಚ್ಚು ತಿರುಗಿಸಕೂಡದು. ಒಂದೇ ಕಡೆಯ ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ಸರಿಸುಮಾರು ಒಂದೇ ಸ್ವರ ಬರಬೇಕು. ಪಿಯಾನೋ ಕಲಿತ ನಮ್ಮ ಹುಡುಗಿಯರಿಗೆ ಈ ಪರೀಕ್ಷೆ ಸೈಕಲ್ಲಂಗಡಿಯವರಿಗಿಂತಲೂ ಸುಲಭವಾದೀತು.

ಟಯರು ಸಾಧಾರಣವಾಗಿ 28 ಅಂಗುಲಕ್ಕೆ ಒಂದೂವರೆ ಅಂಗುಲದ್ದು. ಟ್ಯೂಬು ಟಯರುಗಳಲ್ಲಿ ಕೈಬಿಗಿ ಹಿಡಿಯುವುದು ಸುಳ್ಳು ಉಳಿತಾಯ. ರಿಮ್ಮಿನೊಳಗೆ ಕಡ್ಡಿಯ ತಲೆಗಳು ಟ್ಯೂಬಿಗೆ ಚುಚ್ಚದಂತೆ ಪಟ್ಟಿಯೊಂದನ್ನು ಸುತ್ತಬೇಕು. ಇದಕ್ಕೆ ಮಾತ್ರ ಹಳೆಯ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಹಾಕಿದರೆ ಧಾರಾಳವಾಯಿತು.

ಬೈಸಿಕಲ್ಲು ಹಗುರವಾಗಿ ಓಡುವ ಗುಟ್ಟು ಕಣ್ಣಿಗೆ ಕಾಣದ ಗುಂಡುಗಳಲ್ಲಿದೆ. ಮುಂದಿನ ಹಬ್ಬಿನಲ್ಲಿ ಒಂದೊಂದು ಪಕ್ಕಕ್ಕೆ ಅಂಗುಲದ 3/16 ಗಾತ್ರದ 10 ಗುಂಡುಗಳು, ಹಿಂದಿನ ಹಬ್ಬಿನಲ್ಲಿ ಕಾಲಂಗುಲದ 9, ಪೆಡಲಿನ ಅಚ್ಚಿನಲ್ಲಿ ಕಾಲಂಗುಲದ 11. ಇದು ಸಾಧಾರಣ ಲೆಕ್ಕ. ಇವುಗಳ ಬೆಲೆ ಅತ್ಯಲ್ಪ. ಆದುದರಿಂದ ಹಬ್ಬನ್ನು ಬಿಚ್ಚಿದಾಗಲೆಲ್ಲ ಎಲ್ಲ ಗುಂಡುಗಳನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು. ಕಳೆದುಹೋದ ಒಂದೆರಡಕ್ಕೆ ಮಾತ್ರ ಹೊಸದನ್ನು ಸೇರಿಸಿದರೆ, ಸವೆದ ಹಳೆಯವು ಕಿರಿದಾಗಿರುವುದರಿಂದ, ಭಾರವೆಲ್ಲ ಆ ಒಂದೆರಡರ ಮೇಲೆಯೇ ಬಿದ್ದು ಬಟ್ಟಲನ್ನು ಕೊರೆದುಹಾಕುವುದು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸನ್ನು ತುಂಬಿ, ಗುಂಡುಗಳನ್ನು ಅದರಲ್ಲಿ ಅಂಟಿಸಿ ಕೋನನ್ನು ತಿರುಗಿಸಿರಿ. ಕೈಯಿಂದ ಬಿಗಿಯಾದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಟ್ಟು ನಟ್ಟನ್ನು ಭದ್ರಪಡಿಸುವುದು ವಾಡಿಕೆ. ಸರಿಯಾಗಿದೆಯೆ ಎಂದು ತಿಳಿಯಲು ಚಕ್ರವನ್ನು ಎತ್ತಿ ಹಿಡಿದು ಮೆಲ್ಲನೆ ತಿರುಗಿಸಿ ಬಿಡಿ. ವಾಲಿನ ಸಣ್ಣ ಭಾರವೇ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತೂಗಿಸಿ, ಕಡೆಗೆ ವಾಲು ಕೆಳಗೆ ಬಂದು ನಿಂತರೆ ಕೋನು ಹದವಾಗಿದೆ. ಆ ಹದ ಸಿಕ್ಕುವ ತನಕ ಬಿಡದೆ ಮಾಡುವುದು ಒಳ್ಳೆಯ ಅಭ್ಯಾಸ.

ಇಲ್ಲಿ ಒಂದು ಮಾತು. ಗಾಡಿಯನ್ನು ಪೂರ್ತಿ ಬಿಚ್ಚಿ ತೊಳೆದು ಜೋಡಿಸುವುದಕ್ಕೆ ಇಂಗ್ಲಿಷಿನಲ್ಲಿ ಓವರ್‌ಹಾಲ್ ಎನ್ನುವರು. ಅದು ನಮ್ಮ ಸೈಕಲ್ಲಂಗಡಿಗಳ ಬಾಯಲ್ಲಿ “ಓವರಾಯಿಲ್” ಆಗಿಬಿಟ್ಟಿದೆ. ಹೆಸರು ಹೀಗಾದುದರಿಂದಲೋ ಏನೋ, ಗಾಡಿಯ ಮೈಮೇಲೆಲ್ಲ ಎಣ್ಣೆ ಸುರಿಯುವುದೇ ಆ ಕೆಲಸವೆಂದು ಅನೇಕರು ತಿಳಿದಿದ್ದಾರೆ! ಎಣ್ಣೆಗೆ ಧೂಳು ಅಂಟಿ, ಆ ಧೂಳು ಅರದಂತೆ ಲೋಹವನ್ನು ತಿನ್ನುವುದು. ಅಡಿಗೆಮನೆಯ ಕೊಬ್ಬರಿ ಎಣ್ಣೆಯನ್ನಾಗಲಿ ಕಡಲೆಕಾಯಿ ಎಣ್ಣೆಯನ್ನಾಗಲಿ ಎಂದಿಗೂ ಬಿಡಕೂಡದು. ಅವು ಬರಬರುತ್ತ ಅಂಟಾಗುವುವು. ಹೊಲಿಗೆಯ ಯಂತ್ರದ ಎಣ್ಣೆ ಫ್ರೀವೀಲಿಗೂ ಬ್ರೇಕಿನ ಕೀಲುಗಳಿಗೂ ಒಪ್ಪುವುದು. ಚೈನಿಗೆ ಸ್ವಲ್ಪ ದಪ್ಪನೆಯ ಯಂತ್ರದ ಎಣ್ಣೆಯನ್ನು ಕೊಂಡಿಗೊಂದು ತೊಟ್ಟಿನಂತೆ ಬಿಟ್ಟು, ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿಬಿಡತಕ್ಕದ್ದು.

ಚೈನನ್ನು ಕುರಿತು ಇನ್ನೂ ಸ್ವಲ್ಪ ಹೇಳಬೇಕಾಗಿದೆ. ಅದರ ಕೊಂಡಿಯೊಂದಕ್ಕೆ ಅರ್ಧ ಅಂಗುಲ. ಅಂದರೆ 24 ಕೊಂಡಿಗಳಿಗೆ ಸರಿಯಾಗಿ 12 ಅಂಗುಲ. ಮರದ ಅಥವಾ ಉಕ್ಕಿನ ಅಡಿಕೋಲನ್ನು ಚೈನಿನ ಮೇಲಿಟ್ಟು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಪಿನ್ನಿನ ನಡುವಿನ ತನಕ ಅಳೆಯಿರಿ. ಅಂಗುಲದ 1/16ರಷ್ಟು ಹೆಚ್ಚಿದ್ದರೆ ಹೊಸ ಚೈನಿಗೆ ಕಾಲ ಬಂದಿತು. 1/8ರಷ್ಟು ಹೆಚ್ಚಿದ್ದರೆ ಹಲ್ಲಿನ ಚಕ್ರಗಳೂ ಅದರೊಂದಿಗೆ ಸವೆದಿರುವುವು. ಆಗ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಏರಿ ಜಾರುವುದು. ಸಕಾಲದಲ್ಲಿ ಚೈನೊಂದನ್ನು ಬದಲಿಸಿದವರಿಗೆ ಉಳಿದೆರಡರ ಖರ್ಚು ಉಳಿಯಿತು. ಚೈನನ್ನು ನಡುವೆ ಹಿಡಿದು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಒಟ್ಟು ಅರ್ಧದಿಂದ ಮುಕ್ಕಾಲು ಅಂಗುಲ ಆಡಬೇಕು. ಚೈನ್ ಲಾಕಿನ ಮುಚ್ಚಿದ ತುದಿಯು ಚೈನು ಓಡುವ ದಿಕ್ಕಿಗೆ ಇರಬೇಕೆಂಬುದನ್ನು ಮರೆಯಕೂಡದು; ತಿರುಗಾಮುರುಗಾ ಹಾಕಿದರೆ ಎಲ್ಲಿಯಾದರೂ ತಗಲಿ ಕಳಚಿಹೋಗುವುದು.

ಏರುತಗ್ಗಿನ ಊರುಗಳಲ್ಲಿ, ಉದಾಹರಣೆಗೆ ಮಂಗಳೂರು ಮಡಿಕೇರಿಗಳಲ್ಲಿ, ಗೇರಿಲ್ಲದ ಗಾಡಿ ಹುಡುಗಿಯರಿಗೆ ಭಾರವಾಗುವುದೆಂಬ ಆಕ್ಷೇಪಣೆಗೆ ಅಗ್ಗದ ಸಮಾಧಾನವೊಂದುಂಟು. ಮುಂದಿನ ಚಕ್ರಪಟ್ಟಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ ಸುಮಾರು 2.44 ಸುತ್ತು ತಿರುಗಿ ಗಾಡಿ 5.5 ಮೀಟರಿನಷ್ಟು ಸಾಗುವುದು. ಸಮನೆಲದಲ್ಲಿ ಇದು ಹಿತವೇ. ಆ 18 ಹಲ್ಲಿನದನ್ನು ತೆಗೆದು 22 ಹಲ್ಲಿನದನ್ನು ಹಾಕಿದರೆ ಒಂದು ಸುತ್ತಿಗೆ ಸಾಗುವ ದೂರ 4.5 ಮೀಟರಿಗೆ ಇಳಿಯುವುದು. ಅಷ್ಟರಮಟ್ಟಿಗೆ ಕಾಲಿನ ಮೇಲಣ ಭಾರವೂ ಇಳಿಯುವುದು. ವೇಗ ಸ್ವಲ್ಪ ಕಡಿಮೆ. ಆದರೆ ದಿಣ್ಣೆಯ ನಡುವೆ ಇಳಿದು ತಳ್ಳುವ ಪ್ರಸಂಗ ತಪ್ಪಿತು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು.

ಪೆಡಲುಗಳ ವಿಷಯದಲ್ಲಿ ಹೊಸಬರು ಒಂದು ಕಡೆ ತೊಡಕಿಗೆ ಸಿಕ್ಕುವರು. ಎಡಗಡೆಯ ಪೆಡಲಿನ ತಿರುಪು ಲೋಕದ ಇತರ ತಿರುಪುಗಳಂತಲ್ಲ; ಅದು ಎಡಸುತ್ತಿನದು. ತುಳಿಯುತ್ತಿರುವಾಗ ತಾನಾಗಿ ಬಿಚ್ಚಿಕೊಳ್ಳದಿರಲೆಂದು ಹೀಗೆ ಮಾಡಿದ್ದಾರೆ. ನೆನಪಿಡುವ ಸೂತ್ರವೆಂದರೆ, ಪಾನಾವನ್ನು ಮೇಲ್ಮುಖವಾಗಿ ಹಿಡಿದು ಗಾಡಿಯ ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಪೆಡಲುಗಳು ಬಿಗಿಯುವುವು, ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಸಡಿಲುವುವು. ಒಂದೊಂದು ಸುತ್ತಿಗೂ ಕಾಲಡಿಯಲ್ಲಿ “ಟಕ್” ಎಂದು ಕೇಳುತ್ತಿದ್ದರೆ ಕ್ರ್ಯಾಂಕಿನ ಕಾಟರ್ ಪಿನ್ನು ಸಡಿಲವಾಗಿದೆ. ಆ ದಿನವೇ ಅಂಗಡಿಗೆ ಒಯ್ಯಬೇಕು. ಎರಡು ವಾರ ಹಾಗೆಯೇ ತುಳಿದರೆ ಪಿನ್ನಿನ ತೂತು ಸವೆದು ಕ್ರ್ಯಾಂಕನ್ನೇ ಬದಲಾಯಿಸಬೇಕಾಗಿ ಬರುವುದು.

ಬ್ರೇಕು ಎರಡಿರಬೇಕು, ಎರಡೂ ಹಿಡಿಯುತ್ತಿರಬೇಕು. “ಹಿಂದಿನದು ಇದೆಯಲ್ಲ” ಎಂದು ಮುಂದಿನದನ್ನು ಕಳಚಿ ಓಡಿಸುವ ಗಾಡಿಯನ್ನು ನಮ್ಮ ಮಕ್ಕಳಿಗೆ ಕೊಡಲಾಗದು. ಬ್ರೇಕಿನ ರಬ್ಬರು ಕೂರುವ ತಗಡಿನ ಗೂಡಿಗೆ ಒಂದು ಕಡೆ ಬಾಯಿ ತೆರೆದಿರುವುದು. ಚಕ್ರ ತಿರುಗುವಾಗ ರಿಮ್ಮು ರಬ್ಬರನ್ನು ಯಾವ ಕಡೆಗೆ ಎಳೆಯುವುದೋ ಆ ಕಡೆಗೆ ಗೂಡಿನ ಮುಚ್ಚಿದ ತುದಿ ಇರಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಬ್ರೇಕು ಹಿಡಿದ ಗಳಿಗೆಯಲ್ಲಿ ರಬ್ಬರು ಜಾರಿ ಹೊರಬಿದ್ದು, ಕೈಯಲ್ಲಿ ಬ್ರೇಕಿದ್ದೂ ಇಲ್ಲದಂತಾಗುವುದು. ಉಕ್ಕಿನ ರಿಮ್ಮು ನೆನೆದಾಗ ಬ್ರೇಕು ಸರಿಯಾಗಿ ಕಚ್ಚದು. ಇದು ಗಾಡಿಯ ದೋಷವಲ್ಲ, ಉಕ್ಕಿನ ಗುಣ. ಮಳೆಯಲ್ಲಿ ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಮೆಲ್ಲಗೆ ಹಿಡಿದು ರಿಮ್ಮಿನ ನೀರನ್ನು ಒರೆಸಿಕೊಂಡು, ಅನಂತರ ಬಲವಾಗಿ ಹಿಡಿಯುವುದನ್ನು ಕಲಿಸಬೇಕು. ರಿಮ್ಮಿಗೆ ಎಣ್ಣೆಯ ಬೆರಳು ಸಹ ಸೋಕಕೂಡದು.

ಹುಡುಗಿಯರ ಗಾಡಿಗೆ ಅವಶ್ಯವಾದ ಎರಡು ವಸ್ತುಗಳನ್ನು ಅಲಂಕಾರವೆಂದು ಬಗೆದು ಬಿಡುವವರುಂಟು. ಒಂದು, ಚೈನನ್ನು ಪೂರ್ತಿಯಾಗಿ ಮುಚ್ಚುವ ಕವರು. ಇನ್ನೊಂದು, ಹಿಂದಿನ ಚಕ್ರದ ಮೇಲರ್ಧವನ್ನು ಮರೆಮಾಡುವ ಬಲೆ. ದುಪಟ್ಟಾದ ಅಂಚಾಗಲಿ ಸೀರೆಯ ಸೆರಗಾಗಲಿ ಕಡ್ಡಿಗಳಿಗೆ ಸಿಕ್ಕಿದರೆ ಚಕ್ರ ಅದನ್ನು ಸುತ್ತಿಕೊಳ್ಳುವುದಕ್ಕೆ ಒಂದು ನಿಮಿಷವೂ ಬೇಡ, ಕತ್ತಿಗೆ ಬಿಗಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಗಂಟೆಯನ್ನೂ ಹಿಂದಿನ ಕೆಂಪು ಪ್ರತಿಫಲಕವನ್ನೂ ಬಿಟ್ಟರೂ ಬಿಡಬಹುದೆಂದು ನಾವು ಹೇಳುವುದಿಲ್ಲ. ಆದರೆ ಈ ಎರಡನ್ನು ಬಿಟ್ಟು ಮೊದಲ ದಿನದ ಸವಾರಿಗೂ ಹೊರಡಬಾರದು.

ಈಗ ಪಾಲನೆಯ ಮಾತು. “ಹೆಣ್ಣುಮಗಳ ಕೈಗೆ ಪಾನಾ ಕೊಡುವುದೇ?” ಎಂದು ಮೂಗೆಳೆಯುವ ಹಿರಿಯರು ಇನ್ನೂ ಇದ್ದಾರೆ. ಅದೇ ಹಿರಿಯರು ಮನೆಯ ಹೊಲಿಗೆಯ ಯಂತ್ರ ಕೆಟ್ಟಾಗ ಆ ಮಗಳನ್ನೇ ಕೂಗುವರು. ದಾರದ ಬಿಗಿತವನ್ನು ಕೂದಲೆಳೆಯಷ್ಟು ಸರಿಪಡಿಸುವ ಬೆರಳಿಗೆ ಕೋನಿನ ನಟ್ಟು ಯಾವ ದೊಡ್ಡ ವಿದ್ಯೆ? ಅಲ್ಲದೆ ಸಂಜೆಯ ಹೊತ್ತು ನಿರ್ಜನವಾದ ಹಾದಿಯಲ್ಲಿ ಗಾಡಿ ನಿಂತಾಗ, ಯಾರೋ ಬಂದಾರೆಂದು ಕಾಯುತ್ತ ನಿಲ್ಲುವ ಹುಡುಗಿಗೂ, ಹತ್ತು ನಿಮಿಷದಲ್ಲಿ ತಾನೇ ಸರಿಪಡಿಸಿಕೊಂಡು ಹೊರಡುವ ಹುಡುಗಿಗೂ ಇರುವ ಅಂತರವನ್ನು ತಾಯಂದಿರು ಯೋಚಿಸಬೇಕು. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಹಿಡಿಯುವುದು: ಹಲವು ಬಾಯಿಗಳ ಸೈಕಲ್ ಪಾನಾ ಒಂದು, ಟಯರು ಎಬ್ಬಿಸುವ ಪಟ್ಟಿ ಎರಡು, ಸಲ್ಯೂಷನ್, ರಬ್ಬರಿನ ಪ್ಯಾಚು, ಮರಳುಕಾಗದದ ಚೂರು, ಒಂದು ಅಂಗುಲ ವಾಲ್ ಟ್ಯೂಬು, ಹಳೆಯ ಬಟ್ಟೆ. ಜೊತೆಗೆ ಚೌಕಟ್ಟಿಗೆ ಸಿಕ್ಕಿಸಿದ ಕೈಪಂಪು.

ಗಾಳಿ ಇಳಿಯಿತೆಂದರೆ ಟ್ಯೂಬು ತೂತಾಯಿತೆಂದೇ ತೀರ್ಮಾನಿಸಕೂಡದು. ಮೊದಲು ವಾಲಿನ ಬಾಯಿಗೆ ಒಂದು ತೊಟ್ಟು ನೀರು ಹಚ್ಚಿ. ಗುಳ್ಳೆ ಎದ್ದರೆ ಒಳಗಿನ ವಾಲ್ ಟ್ಯೂಬು ಕೊಳೆತಿದೆ ಎಂದರ್ಥ. ಅದನ್ನು ಬದಲಿಸಿದರೆ ಕೆಲಸ ಮುಗಿಯಿತು. ನಿಜವಾಗಿಯೂ ತೂತಾಗಿದ್ದರೆ ಟಯರಿನ ಒಂದು ಅಂಚನ್ನು ಮಾತ್ರ ಪಟ್ಟಿಗಳಿಂದ ಎಬ್ಬಿಸಿ ಟ್ಯೂಬನ್ನು ಹೊರತೆಗೆಯಿರಿ. ತಿರುಪುಳಿಯಿಂದ ಮೀಟಿದರೆ ಒಂದು ತೂತಿಗೆ ಎರಡು ತೂತಾಗುವುದು. ಗಾಳಿ ತುಂಬಿ ನೀರಿನಲ್ಲಿ ಅದ್ದಿ ಜಾಗವನ್ನು ಕಂಡುಹಿಡಿದು, ಚೆನ್ನಾಗಿ ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಸಲ್ಯೂಷನನ್ನು ತೆಳ್ಳಗೆ ಸವರಿರಿ. ಇಲ್ಲಿಯೇ ಎಲ್ಲರೂ ಆತುರಪಡುವುದು. ಹಸಿಯಾಗಿರುವಾಗಲೇ ಪ್ಯಾಚನ್ನು ಅಂಟಿಸಿದರೆ ಒಳಗಿನ ದ್ರಾವಕ ಆರಲಾರದೆ ಮರುದಿನವೇ ಬಿಟ್ಟುಕೊಳ್ಳುವುದು. ನಾಲ್ಕೈದು ನಿಮಿಷ ಕಾದು, ಬೆರಳಿಗೆ ಒದ್ದೆ ತಗಲದಂತಾದ ಮೇಲೆ ಅಂಟಿಸಿ ಬಲವಾಗಿ ಒತ್ತಬೇಕು. ಟ್ಯೂಬನ್ನು ಒಳಗಿಡುವ ಮೊದಲು ಟಯರಿನ ಒಳಮೈಯಲ್ಲಿ ಬಟ್ಟೆಯನ್ನು ಆಡಿಸಿ ನೋಡಿರಿ. ಚುಚ್ಚಿದ ಜಾಲಿಯ ಮುಳ್ಳು ಅಲ್ಲಿಯೇ ಕೂತಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಉಳಿದ ಪಾಲನೆ ಬಹಳವಿಲ್ಲ. ಹೊರಡುವ ಮುನ್ನ ಪ್ರತಿದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ, ಬ್ರೇಕುಗಳನ್ನು ಹಿಡಿದು ನೋಡುವುದು. ಶನಿವಾರ ಒರೆಸಿ ನಟ್ಟುಗಳನ್ನು ಪರೀಕ್ಷಿಸುವುದು. ತಿಂಗಳಿಗೊಮ್ಮೆ ಚೈನಿಗೆ ಎಣ್ಣೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ವರ್ಷಕ್ಕೊಮ್ಮೆ ಹಬ್ಬು ಅಚ್ಚುಗಳನ್ನು ಬಿಚ್ಚಿ ಹೊಸ ಗ್ರೀಸು. ಸೀಮೆಎಣ್ಣೆಯ ಕೆಲಸವನ್ನು ಒಲೆಯಿಂದ ದೂರವಾಗಿ ಹೊರಗಿನ ಜಗಲಿಯಲ್ಲಿ ಮಾಡತಕ್ಕದ್ದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ನಿಮ್ಮ ಮಕ್ಕಳು ಬೆಳೆದು ಬಿಟ್ಟ ಗಾಡಿಗಳು ಮನೆಯಲ್ಲಿ ಸುಮ್ಮನೆ ನಿಂತಿದ್ದರೆ, ಕೆಟ್ಟಿದೆಯೆಂದು ಸಂಕೋಚಪಡದೆ ಶಾಲೆಗೆ ಕಳುಹಿಸಿಕೊಡಿ. ಮೇಲೆ ಹೇಳಿದ ದಾರದ ಪರೀಕ್ಷೆಯಲ್ಲಿ ಗೆದ್ದ ಚೌಕಟ್ಟೊಂದಿದ್ದರೆ ಉಳಿದುದನ್ನು ಎರಡು ಮೂರು ಗಾಡಿಗಳಿಂದ ಕೂಡಿಸಿ ಕಟ್ಟಬಹುದು. ಶಾಲೆಯ ಜಗಲಿಯಲ್ಲಿ ಕಾಲಿನಿಂದ ಒತ್ತಿ ಹಿಡಿಯುವ ದೊಡ್ಡ ಪಂಪೊಂದು, ನೀರಿನ ಬಕೀಟೊಂದು, ಪ್ಯಾಚಿನ ಡಬ್ಬಿಯೊಂದು ಸದಾ ಇದ್ದರೆ ದೂರದಿಂದ ಬರುವ ಮಕ್ಕಳಿಗೆ ಅದೆಷ್ಟು ಧೈರ್ಯ!

ರಜೆಯ ತಿಂಗಳುಗಳಲ್ಲಿ ಗಾಡಿಯನ್ನು ಹೇಗಿಡಬೇಕೆಂದು ಕೇಳುವವರಿಗೆ ಇಷ್ಟು ಹೇಳುತ್ತೇವೆ. ಬಿಸಿಲು ರಬ್ಬರಿನ ಶತ್ರು. ಆದುದರಿಂದ ಅಂಗಳದಲ್ಲಿ ಬಿಡದೆ ನೆರಳಿನಲ್ಲಿಡಿ. ಗಾಳಿಯಿಲ್ಲದ ಟಯರಿನ ಮೇಲೆ ಭಾರ ಬಿದ್ದರೆ ಅಂಚುಗಳು ಬಿರಿಯುವುವು. ಸಾಧ್ಯವಾದರೆ ತೊಲೆಗೆ ತೂಗುಹಾಕಿ, ಇಲ್ಲವೇ ಗೋಣಿಚೀಲ ಹಾಸಿ ಸೀಟಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಚೈನಿಗೆ ಎಣ್ಣೆ ಬಿಟ್ಟು, ಹೊಳಪಿನ ಭಾಗಗಳಿಗೆ ಗ್ರೀಸಿನ ಬಟ್ಟೆಯಿಂದ ಒರೆಸಿ. ರಿಮ್ಮುಗಳನ್ನು ಮಾತ್ರ ಬಿಡಿ. ಶಾಲೆ ತೆರೆಯುವುದಕ್ಕೆ ಎರಡು ದಿನ ಮೊದಲೇ ಗಾಳಿ ತುಂಬಿಡಿ. ನಿಧಾನವಾಗಿ ಇಳಿಯುವ ಗಾಳಿಯಿದ್ದರೆ ಆ ಎರಡು ದಿನಗಳಲ್ಲಿ ಗೊತ್ತಾಗುವುದು.